ಕಾರಣವಿಲ್ಲದೆ ಇಳಿಯುವ ತೂಕ

ಮದುವೆ ಮನೆಯಲ್ಲಿ ಬಹುದಿನಗಳ ಮೇಲೆ ಕಂಡವರನ್ನು ನಾವು ಮೊದಲು ಕೇಳುವುದು, 'ಏನು, ಇಷ್ಟೊಂದು ಇಳಿದುಹೋಗಿದ್ದೀರಿ?' ಎಂದು. 'ಸಂಸಾರದ ಚಿಂತೆ' ಎಂದು ಅವರು ನಗುತ್ತಾರೆ. ಮಾತು ಊಟದ ಕಡೆಗೆ ತಿರುಗುತ್ತದೆ. ಈ ಪ್ರಶ್ನೆಯನ್ನು ಅಷ್ಟಕ್ಕೇ ಬಿಡಬಾರದೆಂಬುದು ನಮ್ಮ ಅಭಿಪ್ರಾಯ.

ವ್ಯಾಯಾಮದಿಂದಲೋ ಪಥ್ಯದಿಂದಲೋ ಬೇಕೆಂದೇ ಇಳಿಸಿದ ತೂಕದ ಮಾತು ಬೇರೆ. ಯಾವ ಯತ್ನವೂ ಇಲ್ಲದೆ 6ರಿಂದ 12 ತಿಂಗಳಲ್ಲಿ ಶೇಕಡ 5ರಷ್ಟು, ಎಂದರೆ 60 ಕಿಲೋಗ್ರಾಂ ತೂಗುವವರಲ್ಲಿ 3 ಕಿಲೋಗ್ರಾಂ, ಕಡಿಮೆಯಾದರೆ ವೈದ್ಯರು ಕಾರಣವನ್ನು ಹುಡುಕುತ್ತಾರೆ. ಅದು ಕ್ಷಯವಿರಬಹುದು, ಆ ಹೆಸರಿನ ಅರ್ಥವೇ ಸವೆಯುವುದು. ಕ್ಯಾನ್ಸರ್ ಇರಬಹುದು. ಎಲ್ಲಕ್ಕಿಂತ ವಿಚಿತ್ರವಾದುದು ಸಿಹಿಮೂತ್ರರೋಗ. ರೋಗಿಯು ಹೊಟ್ಟೆತುಂಬ ಉಂಡರೂ, ಇನ್ಸುಲಿನ್ ಸಾಲದೆ ರಕ್ತದ ಸಕ್ಕರೆಯು ಜೀವಕೋಶಗಳಿಗೆ ಒದಗದೆ ಮೂತ್ರದಲ್ಲಿ ಹರಿದುಹೋಗುತ್ತದೆ. ದೇಹವು ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿ ಕಾಲ ತಳ್ಳುತ್ತದೆ. ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಸ್ರವಿಸಿದಾಗಲೂ ಹಸಿವು ಹೆಚ್ಚಿ ಮೈ ಇಳಿಯುವುದುಂಟು. ವೃದ್ಧರಿಗೆ ಅಲುಗಾಡುವ ಹಲ್ಲು, ಔಷಧಿಯಿಂದ ಕೆಟ್ಟ ನಾಲಗೆಯ ರುಚಿ, ಒಂಟಿ ಊಟ, ಇಷ್ಟೇ ಸಾಕು.

ಚಿಂತೆಯೂ ಕಾರಣವಾಗಬಲ್ಲದು, ಸುಳ್ಳಲ್ಲ. ಖಿನ್ನತೆಯೂ ಚಿಕಿತ್ಸೆಯುಳ್ಳ ರೋಗವೇ. ಆದರೆ ಪರೀಕ್ಷೆಗೆ ಮೊದಲೇ ತಪ್ಪನ್ನೆಲ್ಲ ಚಿಂತೆಯ ಮೇಲೆ ಹೊರಿಸುವುದು ತರವಲ್ಲ. ಅಷ್ಟರಲ್ಲಿ ಸ್ನಾಯು ಕರಗುತ್ತದೆ, ರೋಗವನ್ನು ತಡೆಯುವ ಶಕ್ತಿ ಕುಂದುತ್ತದೆ. ಮುದುಕರು ಬಿದ್ದು ಮೂಳೆ ಮುರಿದುಕೊಳ್ಳುವ ಭಯ ಹೆಚ್ಚುತ್ತದೆ.

ಮಗುವಿನ ತೂಕವನ್ನು ತಪ್ಪದೆ ಕಾರ್ಡಿನಲ್ಲಿ ಬರೆಯಿಸುವ ಮನೆಯಲ್ಲೇ ಅಜ್ಜನ ತೂಕ ಯಾರಿಗೂ ತಿಳಿಯದು. ಹಳೆಯ ಅಂಕಿಯಿಲ್ಲದೆ ಹೊಸ ಅಂಕಿ ಏನನ್ನೂ ಹೇಳದು. ತಿಂಗಳಿಗೊಮ್ಮೆ ಹಿರಿಯರನ್ನು ತೂಗಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಅಂಕಿ ಇಳಿಯುತ್ತ ಬಂದರೆ ಅದನ್ನೇ ವೈದ್ಯರ ಮುಂದಿಡಬೇಕು. ಕ್ಷಯದ ಕಫಪರೀಕ್ಷೆಯಂತೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.