ಅಳಿಸಲೊಲ್ಲದ ಲೆಕ್ಕ

ಮಂಡಿಯ ಹಳೆಯ ಗುಮಾಸ್ತರು ಖಾತೆ ಪುಸ್ತಕದಲ್ಲಿ ತಪ್ಪು ಬಿದ್ದರೆ ಅದನ್ನು ಕೆರೆದು ಅಳಿಸುತ್ತಿರಲಿಲ್ಲ. ತಪ್ಪಿದ ಅಂಕಿ ಓದಲು ಬರುವಂತೆಯೇ ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಕಿರುರುಜು ಹಾಕುವುದು ಆ ವೃತ್ತಿಯ ಮರ್ಯಾದೆ. ಕೆರೆದ ಗುರುತು ಕಂಡಿತೆಂದರೆ ಸಾಹುಕಾರನ ಹುಬ್ಬು ಗಂಟಿಕ್ಕುತ್ತಿತ್ತು. ಇಂದು ಆ ಪುಸ್ತಕದ ಜಾಗಕ್ಕೆ ಕಂಪ್ಯೂಟರು ಬಂದಿದೆ. ಅದರ ಕೀಲಿಮಣೆಯಲ್ಲಿ 'ಡಿಲೀಟ್' ಎಂಬ ಗುಂಡಿಯೂ ಇದೆ. ಆದರೂ ಅದನ್ನು ಒತ್ತಿದಾಗ ಯಂತ್ರವು ಎಷ್ಟೋ ವೇಳೆ "ಆಗದು" ಎನ್ನುತ್ತದೆ. ಈ ಹಟಕ್ಕೆ ಕಾರಣವೇನು?

ಸರಕು ಸಾಗಣೆಯ ಕಛೇರಿಯೊಂದನ್ನು ಊಹಿಸಿಕೊಳ್ಳಿ. ಒಬ್ಬನೇ ಗಿರಾಕಿಯ ಹೆಸರು ಎರಡು ಸಲ ದಾಖಲಾಗಿದೆ. ಎರಡನೆಯದನ್ನು ತೆಗೆದುಹಾಕಲು ಗುಮಾಸ್ತ ಮುಂದಾದರೆ ಪರದೆಯ ಮೇಲೆ ದೋಷದ ಸೂಚನೆ ಮೂಡುತ್ತದೆ. ಒರಾಕಲ್ ಡೇಟಾಬೇಸ್ ಆದರೆ ಅದರ ಸಂಖ್ಯೆ 2292. ಮೈಎಸ್‌ಕ್ಯೂಎಲ್ ಆದರೆ 1451. ಅಂಕಿ ಬೇರೆಯಾದರೂ ತಾತ್ಪರ್ಯ ಒಂದೇ: "ಈ ತಾಯಿಗೆ ಮಕ್ಕಳಿದ್ದಾರೆ."

ಇದು ಕವಿಯ ಅಲಂಕಾರವಲ್ಲ, ಶಾಸ್ತ್ರದ್ದೇ ಪರಿಭಾಷೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಎಡ್ಗರ್ ಕಾಡ್ ಅವರು, ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಇಟ್ಟು ಸಮಾನವಾದ ಗುರುತುಗಳಿಂದ ಒಂದನ್ನೊಂದು ಬೆಸೆಯುವ ಮಾರ್ಗವನ್ನು 1970ರಲ್ಲಿ ಪ್ರಕಟಿಸಿದರು. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಈ ಏರ್ಪಾಡಿನಲ್ಲಿ ಗಿರಾಕಿಯ ದಾಖಲೆ ತಾಯಿ. ಅವನ ಬೇಡಿಕೆಗಳು, ರವಾನೆಗಳು, ಬಿಲ್ಲುಗಳು ಮಕ್ಕಳು. ತಾಯಿಯನ್ನು ಅಳಿಸಿದರೆ ಇವು ತಬ್ಬಲಿಗಳಾಗುತ್ತವೆ. ಲಾರಿಯೇನೋ ಹೊರಟುಹೋಗಿದೆ, ಆದರೆ ಸರಕು ಯಾರದು, ಬಾಡಿಗೆ ಯಾರಿಂದ ಬರಬೇಕು ಎಂಬುದಕ್ಕೆ ಉತ್ತರವಿಲ್ಲ.

ಎಲ್ಲ ನಿರಾಕರಣೆಗೂ ಇದೊಂದೇ ಕಾರಣವೆಂದಲ್ಲ. ಅದೇ ದಾಖಲೆಯನ್ನು ಪಕ್ಕದ ಮೇಜಿನವರು ತೆರೆದಿಟ್ಟು ಊಟಕ್ಕೆ ಹೋಗಿರಬಹುದು. ಅವರು ಮುಗಿಸುವ ತನಕ ಅದಕ್ಕೆ ಬೀಗ. ಅಳಿಸುವ ಅಧಿಕಾರ ಗುಮಾಸ್ತನಿಗೆ ಇಲ್ಲದಿರಬಹುದು. ಆ ತಿಂಗಳ ಲೆಕ್ಕವೇ ಮುಗಿದು ಮುದ್ರೆ ಬಿದ್ದಿರಬಹುದು. ಆದ್ದರಿಂದ ಸೂಚನೆಯನ್ನು ಪೂರ್ತಿಯಾಗಿ ಓದಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ನಾಡಿ ನೋಡದೆ ಮದ್ದು ಕೊಡುವ ವೈದ್ಯನನ್ನು ಯಾರು ತಾನೆ ಮೆಚ್ಚುತ್ತಾರೆ?

ಅವಸರದವರಿಗೆ ಎರಡು ಅಡ್ಡದಾರಿಗಳಿವೆ. ಮೊದಲನೆಯದು, ತಾಯಿ-ಮಕ್ಕಳ ನಂಟನ್ನು ಕಾಯುವ ನಿಯಮವನ್ನೇ ಕಳಚಿಹಾಕುವುದು. ಎರಡನೆಯದು, ತಾಯಿಯೊಡನೆ ಮಕ್ಕಳನ್ನೂ ಒಟ್ಟಿಗೆ ಅಳಿಸುವ 'ಕ್ಯಾಸ್ಕೇಡ್' ಆಜ್ಞೆ. ಮೊದಲನೆಯದರಿಂದ ತಬ್ಬಲಿಗಳು ಉಳಿಯುತ್ತವೆ. ಎರಡನೆಯದರಿಂದ ಒಂದು ಹೆಸರು ತೆಗೆಯಹೋಗಿ ಹತ್ತು ವರ್ಷದ ವ್ಯವಹಾರವೇ ಸದ್ದಿಲ್ಲದೆ ಮಾಯವಾಗಬಹುದು.

ನೇರವಾದ ದಾರಿ ತುಸು ದೀರ್ಘ. ಮೊದಲು ಒಂದು ಪ್ರತಿಯನ್ನು ತೆಗೆದಿಡಬೇಕು. ಬಳಿಕ ತಪ್ಪು ಹೆಸರಿನಡಿ ಇರುವ ಮಕ್ಕಳನ್ನು ಎಣಿಸಿ ಸರಿಯಾದ ಹೆಸರಿಗೆ ವರ್ಗಾಯಿಸಬೇಕು. ಮನೆ ಬರಿದಾದ ಮೇಲೆ ಅಳಿಸಿದರೆ ಯಂತ್ರ ಮರುಮಾತಾಡದು. ವ್ಯವಹಾರ ಮುಗಿಸಿಹೋದ ಗಿರಾಕಿಯಾದರೆ ಅಳಿಸುವುದೇ ಬೇಡ. 'ನಿಷ್ಕ್ರಿಯ'ವೆಂದು ಗುರುತಿಸಿದರೆ ಸಾಕು. ಸರಕು ಹೊರಟ ಮೇಲಿನ ತಪ್ಪಿಗಂತೂ ಪ್ರತಿನಮೂದೇ ಮದ್ದು.

ಕಾನೂನಿನ ಮಾತೂ ಇದೇ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಬೇಕಾದ ಇ-ವೇ ಬಿಲ್ಲು 2018ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲಿ ಸರಕಿನ ವಿವರ ತಪ್ಪಾದರೆ ತಿದ್ದುವಂತಿಲ್ಲ. 24 ಗಂಟೆಯೊಳಗೆ ರದ್ದುಪಡಿಸಿ ಹೊಸದನ್ನು ಪಡೆಯಬೇಕು. ದಾರಿಯಲ್ಲಿ ಅಧಿಕಾರಿ ತಪಾಸಣೆ ಮಾಡಿದ್ದರೆ ಆ ಅವಕಾಶವೂ ಇಲ್ಲ. 2023ರ ಏಪ್ರಿಲ್ 1ರಿಂದ ಕಂಪೆನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನೂ ತಾರೀಖು ಸಹಿತ ದಾಖಲಿಸಬೇಕು. ಆ ದಾಖಲೆಯನ್ನು ನಿಲ್ಲಿಸಲು ಅವಕಾಶವಿರಕೂಡದು.

ಗೆರೆ ಎಳೆದು ಕಿರುರುಜು ಹಾಕಿದ ಗುಮಾಸ್ತನ ವಿವೇಕವೇ ಹೀಗೆ ಯಂತ್ರದೊಳಗೆ ಹೊಕ್ಕು ಕುಳಿತಿದೆ. ಅದು "ಆಗದು" ಎಂದಾಗ ಸಿಡುಕುವ ಮುನ್ನ, ಯಾರ ಲೆಕ್ಕ ಇನ್ನೂ ಬಾಕಿ ಇದೆಯೆಂದು ಒಮ್ಮೆ ಕೇಳಿಕೊಂಡರೆ ನಷ್ಟವಿಲ್ಲ.