ಗೋಡೆಯ ಮೇಲೆ 'ಸುರಕ್ಷತೆಯೇ ಮೊದಲು' ಎಂದು ಬರೆದರೆ ಬೆರಳು ಉಳಿಯುತ್ತದೆಯೇ?

ಪ್ರತಿ ವರ್ಷ ಮಾರ್ಚ್ 4ರಂದು ನಮ್ಮ ದೇಶದಲ್ಲಿ ರಾಷ್ಟ್ರೀಯ ಸುರಕ್ಷತಾ ದಿನ ಆಚರಿಸುತ್ತಾರೆ. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾದ ದಿನ ಅದು. ಕಾರ್ಖಾನೆಗಳಲ್ಲಿ ಬ್ಯಾಡ್ಜ್ ಹಂಚುತ್ತಾರೆ, ಪ್ರತಿಜ್ಞೆ ಮಾಡಿಸುತ್ತಾರೆ, ಘೋಷವಾಕ್ಯ ಸ್ಪರ್ಧೆ ಇಡುತ್ತಾರೆ. ವಾಟ್ಸಾಪ್ ಗುಂಪುಗಳಲ್ಲೂ ಆ ವಾರ ಪೋಸ್ಟರುಗಳ ಸುಗ್ಗಿ. ಅವುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ನೂರರಲ್ಲಿ 88 ಅಪಘಾತಗಳಿಗೆ ಕಾರ್ಮಿಕರ ಅಜಾಗರೂಕತೆಯೇ ಕಾರಣ. ಸುರಕ್ಷತಾ ತರಬೇತಿಗಳಲ್ಲೂ ಈ ಅಂಕಿಯನ್ನು ಹೇಳಿಕೊಡುತ್ತಾರೆ. ಫಾರ್ವರ್ಡ್ ಮಾಡುವ ಮೊದಲು ಅದು ಎಲ್ಲಿಂದ ಬಂತು ಎಂದು ನೋಡೋಣ.

88ರ ಕಥೆ

ಇದರ ಮೂಲ ಸುಮಾರು ನೂರು ವರ್ಷ ಹಳೆಯದು. ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿಯಲ್ಲಿದ್ದ ಹರ್ಬರ್ಟ್ ಹೈನ್ರಿಚ್ 1931ರಲ್ಲಿ ಒಂದು ಪುಸ್ತಕ ಬರೆದರು. 75,000 ಅಪಘಾತಗಳ ದಾಖಲೆ ನೋಡಿದ್ದೇನೆ, ಅವುಗಳಲ್ಲಿ ಶೇ. 88ಕ್ಕೆ ಮನುಷ್ಯರ ಅಸುರಕ್ಷಿತ ನಡವಳಿಕೆ ಕಾರಣ, ಶೇ. 10ಕ್ಕೆ ಯಂತ್ರ ಮತ್ತು ಜಾಗದ ದೋಷ ಕಾರಣ, ಉಳಿದ ಶೇ. 2 ತಪ್ಪಿಸಲಾಗದಂಥವು ಎಂದರು. ಆ ಮೂಲ ದಾಖಲೆಗಳು ಇಂದು ಯಾರಿಗೂ ಸಿಗುತ್ತಿಲ್ಲ, ಹಾಗಾಗಿ ಲೆಕ್ಕವನ್ನು ಪರೀಕ್ಷಿಸಲು ದಾರಿಯಿಲ್ಲ. ಇನ್ನೂ ಮುಖ್ಯವಾದ ವಿಷಯವೆಂದರೆ, ಆ ವರದಿಗಳನ್ನು ಬರೆದವರು ಗಾಯಗೊಂಡ ಕಾರ್ಮಿಕರಲ್ಲ. ಹೆಚ್ಚಾಗಿ ಮೇಲ್ವಿಚಾರಕರು ಮತ್ತು ಕಾರ್ಖಾನೆಯವರು. ತಪ್ಪು ಯಾರದು ಎಂದು ಮೇಲ್ವಿಚಾರಕರನ್ನು ಕೇಳಿದರೆ ಎಂಥ ಉತ್ತರ ಬರುತ್ತದೆ ಎಂದು ನೀವೇ ಊಹಿಸಬಹುದು.

ಕನಕಪುರ ರಸ್ತೆಯ ಜರಗನಹಳ್ಳಿ, ಯಲಚೇನಹಳ್ಳಿ ಕಡೆಯ ಸಣ್ಣ ಕೈಗಾರಿಕೆಗಳಿಗೆ ಇದನ್ನು ತಂದು ನೋಡೋಣ. ಪವರ್ ಪ್ರೆಸ್ ಎಂಬ ಯಂತ್ರ ಲೋಹದ ತಗಡನ್ನು ಅಚ್ಚಿನಲ್ಲಿ ಒತ್ತಿ ಬೇಕಾದ ಆಕಾರಕ್ಕೆ ತರುತ್ತದೆ. ಒಂದು ಏಟು ಬೀಳಲು ಒಂದು ಸೆಕೆಂಡೂ ಬೇಡ. ಬೆರಳು ಉಳಿಸಲು ಇರುವ ಉಪಾಯ ಸರಳವಾದದ್ದು: ಎರಡು ಬಟನ್‌ಗಳನ್ನು ದೂರ ದೂರ ಇಡುವುದು, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಏಟು ಬೀಳುವಂತೆ ಮಾಡುವುದು. ಆಗ ಕೈ ಅಚ್ಚಿನೊಳಗೆ ಇರಲು ಸಾಧ್ಯವೇ ಇಲ್ಲ. ಇನ್ನೂ ಒಂದು ಉಪಾಯ, ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸೆನ್ಸರ್.

ಆದರೆ ಎರಡು ಕೈಯಲ್ಲಿ ಒತ್ತುತ್ತಾ ಕೂತರೆ ಗಂಟೆಗೆ ಬರುವ ಪೀಸ್ ಕಡಿಮೆಯಾಗುತ್ತದೆ. ಆರ್ಡರ್ ಸಂಜೆಯೊಳಗೆ ಹೋಗಬೇಕು. ಆಗ ಒಂದು ಬಟನ್‌ಗೆ ಟೇಪ್ ಸುತ್ತಿ ಒತ್ತಿಹಿಡಿಸುತ್ತಾರೆ, ಇಲ್ಲವೇ ಕಾಲಿನ ಪೆಡಲ್‌ಗೆ ಬದಲಾಯಿಸುತ್ತಾರೆ. ಸೂಪರ್‌ವೈಸರ್ ನೋಡಿಯೂ ನೋಡದಂತೆ ಹೋಗುತ್ತಾರೆ. ನಾಳೆ ಬೆರಳು ಹೋದರೆ ವರದಿಯಲ್ಲಿ ಬರೆಯುವುದು 'ಕಾರ್ಮಿಕನ ಅಜಾಗರೂಕತೆ'. 88ರ ಪಟ್ಟಿಗೆ ಇನ್ನೊಂದು ಸೇರಿತು.

ಇದು ಕಲ್ಪನೆಯ ಭಯವಲ್ಲ. ಹರಿಯಾಣದ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಗಾಯಗೊಂಡವರ ಬಗ್ಗೆ 'ಸೇಫ್ ಇನ್ ಇಂಡಿಯಾ' ಸಂಸ್ಥೆ 2019ರಿಂದ ವರದಿಗಳನ್ನು ಹೊರತರುತ್ತಿದೆ. ಕೈಬೆರಳು ಕಳೆದುಕೊಂಡವರ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಯಂತ್ರ ಇದೇ ಪವರ್ ಪ್ರೆಸ್.

ಬ್ರ್ಯಾಂಡ್ ಎಂದರೆ ಬರೀ ಪೋಸ್ಟರ್ ಅಲ್ಲ

ಕಂಪನಿಯೊಂದು ತನ್ನ ಹೆಸರು, ಮಾತು, ಮೌಲ್ಯಗಳನ್ನು ಗ್ರಾಹಕರಿಗೆ ಮಾರುವಂತೆಯೇ ತನ್ನದೇ ನೌಕರರ ಮನಸ್ಸಿನಲ್ಲೂ ನೆಲೆಗೊಳಿಸಲು ನೋಡುತ್ತದೆ. ಇದಕ್ಕೆ ಇಂಟರ್ನಲ್ ಬ್ರ್ಯಾಂಡಿಂಗ್ ಎನ್ನುತ್ತಾರೆ. ನಾನು ಓದಿದ್ದು ಸಂವಹನ ವಿಷಯ, ಆದ್ದರಿಂದ ಪೋಸ್ಟರ್ ವ್ಯರ್ಥ ಎಂದು ಹೇಳುವವಳಲ್ಲ. ಆದರೆ ಇಸ್ರೇಲಿನ ಡೋವ್ ಜೋಹರ್ 1980ರಲ್ಲಿ 20 ಕೈಗಾರಿಕೆಗಳಲ್ಲಿ ಮಾಡಿದ ಅಧ್ಯಯನ ಒಂದು ಮುಖ್ಯ ಸಂಗತಿ ತೋರಿಸಿತು. ಸುರಕ್ಷತೆಯ ಬಗ್ಗೆ ಆಡಳಿತದವರ ಧೋರಣೆ ನಿಜವಾಗಿ ಏನು ಎಂದು ಕಾರ್ಮಿಕರು ಅಂದುಕೊಂಡಿದ್ದಾರೋ, ಅಲ್ಲಿನ ವಾತಾವರಣ ಬಹುಮಟ್ಟಿಗೆ ಅದರ ಮೇಲೆ ನಿಂತಿರುತ್ತದೆ. ಗೋಡೆ ಏನು ಹೇಳುತ್ತದೆ ಎಂಬುದಕ್ಕಿಂತ, ಟೇಪ್ ಸುತ್ತಿದ ಬಟನ್ ನೋಡಿ ಸೂಪರ್‌ವೈಸರ್ ಏನು ಮಾಡಿದರು ಎಂಬುದನ್ನೇ ಜನ ಓದುತ್ತಾರೆ.

ಬೋರ್ಡ್‌ಗಳಲ್ಲಿ ಅತಿ ಜನಪ್ರಿಯವಾದದ್ದು 'ಅಪಘಾತವಿಲ್ಲದೆ ಇಷ್ಟು ದಿನ' ಎಂದು ಎಣಿಸುವ ಫಲಕ. ಅದನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ವೇದಿಕೆ ಸ್ಫೋಟಗೊಂಡು 11 ಜನ ಸತ್ತರು. ಆ ದಿನ ಹಿರಿಯ ಅಧಿಕಾರಿಗಳು ಅಲ್ಲಿಗೆ ಬಂದಿದ್ದರು, ಏಳು ವರ್ಷ ಕೆಲಸದ ದಿನ ನಷ್ಟವಾಗುವಂಥ ಗಾಯ ಆಗಿಲ್ಲ ಎಂದು ಅಭಿನಂದಿಸಲು. ಜಾರಿ ಬೀಳುವುದು, ಕೈ ಕುಯ್ದುಕೊಳ್ಳುವುದು ಕಡಿಮೆಯಾದ ಮಾತ್ರಕ್ಕೆ ದೊಡ್ಡ ಅಪಾಯ ದೂರವಾಗಿದೆ ಎಂದು ಅರ್ಥವಲ್ಲ.

ಫಲಕಕ್ಕೆ ಬಹುಮಾನ ಅಂಟಿಸಿದರೆ ಇನ್ನೂ ಕೆಟ್ಟದ್ದು ಆಗಬಹುದು. ಕಾನೂನಿನ ಪ್ರಕಾರ, ಗಾಯದಿಂದ ಒಬ್ಬರು 48 ಗಂಟೆ ಅಥವಾ ಹೆಚ್ಚು ಕೆಲಸ ಮಾಡಲಾಗದಿದ್ದರೆ ಅದನ್ನು ಇಲಾಖೆಗೆ ತಿಳಿಸಬೇಕು. ಹಾಗಾಗಿ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡವರನ್ನು ಮರುದಿನವೇ ಕರೆಸಿ ಆಫೀಸಿನಲ್ಲಿ ಸುಮ್ಮನೆ ಕೂರಿಸುವ ಉಪಾಯವಿದೆ. ಹಾಜರಾತಿ ಬಿತ್ತು, ಫಲಕ ಉಳಿಯಿತು. ನಷ್ಟ ಯಾರಿಗೆ? ಇಎಸ್‌ಐ ವಿಮೆ ಇದ್ದವರಿಗೆ ಕೆಲಸದಲ್ಲಾದ ಗಾಯದಿಂದ ಮನೆಯಲ್ಲಿರಬೇಕಾದ ದಿನಗಳಿಗೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಬೆರಳು ಹೋಗಿ ದುಡಿಯುವ ಶಕ್ತಿ ಶಾಶ್ವತವಾಗಿ ಕುಗ್ಗಿದರೆ ಅದಕ್ಕೆ ತಕ್ಕ ಪರಿಹಾರವೂ ಇದೆ. ಅಪಘಾತವೇ ದಾಖಲಾಗದಿದ್ದರೆ ಇವನ್ನು ಪಡೆಯುವುದು ಬಲು ಕಷ್ಟ.

ಹಾಗಾದರೆ ಧ್ಯೇಯವಾಕ್ಯದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಮಾಲೀಕರು ಅದಕ್ಕೆ ಬೆಲೆ ತೆತ್ತರೆ. 1987ರಲ್ಲಿ ಅಮೆರಿಕದ ಅಲ್ಯೂಮಿನಿಯಂ ಕಂಪನಿ ಆಲ್ಕೋವಾದ ಮುಖ್ಯಸ್ಥರಾಗಿ ಬಂದ ಪಾಲ್ ಒನೀಲ್ ಹೂಡಿಕೆದಾರರ ಮುಂದೆ ಲಾಭದ ಮಾತು ಬಿಟ್ಟು ಕಾರ್ಮಿಕರ ಸುರಕ್ಷತೆಯ ಮಾತಾಡಿದರು. ಗಾಯವಾದರೆ 24 ಗಂಟೆಯೊಳಗೆ ವಿಭಾಗದ ಮುಖ್ಯಸ್ಥರೇ ತಮಗೆ ತಿಳಿಸಬೇಕು, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂದೂ ಹೇಳಬೇಕು ಎಂದರು. ಮೆಕ್ಸಿಕೋದ ಘಟಕದಲ್ಲಿ ಕಾರ್ಮಿಕರು ಹೊಗೆಯಿಂದ ಅಸ್ವಸ್ಥರಾದ ಸುದ್ದಿ ಮೇಲಿನವರೆಗೆ ಬರಲಿಲ್ಲ. ಆ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿ ಕಂಪನಿಗೆ ಒಳ್ಳೆಯ ಲಾಭ ತಂದವರಾಗಿದ್ದರೂ ಹೊರಹೋಗಬೇಕಾಯಿತು. ಇಂಥ ಒಂದು ತೀರ್ಮಾನ ಸಾವಿರ ಪೋಸ್ಟರುಗಳಿಗಿಂತ ವೇಗವಾಗಿ ಕಂಪನಿಯಿಡೀ ಹರಡುತ್ತದೆ. ಕೆಲಸದ ದಿನ ನಷ್ಟವಾಗುವ ಗಾಯಗಳು ಅವರ ಅವಧಿಯಲ್ಲಿ ನೂರು ಕಾರ್ಮಿಕರಿಗೆ 1.86ರಿಂದ 0.2ರ ಆಸುಪಾಸಿಗೆ ಇಳಿದವು.

ನಮ್ಮ ಗಲ್ಲಿಯ ಶೆಡ್‌ಗಳಲ್ಲಿ

ಆಲ್ಕೋವಾ ದೈತ್ಯ ಕಂಪನಿ. ನಮ್ಮ ಕಡೆಯ ಎಷ್ಟೋ ಶೆಡ್‌ಗಳಲ್ಲಿ ಐದಾರು ಜನ ಇರುತ್ತಾರೆ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಅನ್ವಯಿಸುತ್ತಿತ್ತು. 2020ರ ಹೊಸ ಸಂಹಿತೆ ಕಾರ್ಖಾನೆ ಎನ್ನಿಸಿಕೊಳ್ಳುವ ಈ ಮಿತಿಯನ್ನು 20ಕ್ಕೆ ಏರಿಸಿದೆ. ಅಂದರೆ ಇಂಥ ಕಡೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಕಾಯುವಂತಿಲ್ಲ, ಮಾಲೀಕರ ನಡವಳಿಕೆಯೇ ನಿಯಮ.

ಒಳ್ಳೆಯ ಸುದ್ದಿಯೆಂದರೆ, ಸಣ್ಣ ಶೆಡ್‌ನಲ್ಲಿ ಮಾಲೀಕರ ಮಾತು ಎಲ್ಲರಿಗೂ ನೇರ ಕೇಳಿಸುತ್ತದೆ. ಆಯುಧಪೂಜೆಯ ದಿನ ಹೇಗೂ ಯಂತ್ರ ನಿಲ್ಲಿಸಿ, ತೊಳೆದು, ಕುಂಕುಮ ಇಟ್ಟು, ಬಾಳೆಕಂದು ಕಟ್ಟುತ್ತಾರೆ. ಅದೇ ದಿನ ಎಲ್ಲರ ಎದುರು ಬಟನ್‌ನ ಟೇಪ್ ಬಿಚ್ಚಿ, ಕಳಚಿಟ್ಟ ಗಾರ್ಡ್ ಮತ್ತೆ ಹಾಕಿಸಿ, ಇನ್ನು ಮುಂದೆ ಇದು ಕೆಟ್ಟರೆ ಯಾರು ಬೇಕಾದರೂ ಯಂತ್ರ ನಿಲ್ಲಿಸಬಹುದು, ಆ ಹೊತ್ತಿನ ಕೂಲಿ ಮುರಿಯುವುದಿಲ್ಲ ಎಂದು ಹೇಳಿದರೆ ಅದೇ ಬ್ರ್ಯಾಂಡಿಂಗ್. ಪೋಸ್ಟರ್ ಹಾಕುವುದಾದರೆ ಅಲ್ಲಿ ದುಡಿಯುವವರು ಓದುವ ಭಾಷೆಯಲ್ಲಿ ಇರಲಿ. ಕನ್ನಡ, ತಮಿಳು, ಹಿಂದಿ ಆಡುವವರ ನಡುವೆ ಬರೀ ಇಂಗ್ಲಿಷ್ ಫಲಕ ತೂಗುಹಾಕುವುದು ಬಂದ ಗಿರಾಕಿಗೆ ತೋರಿಸಲು ಮಾತ್ರ.

ಇನ್ನು, ಮನೆಯಲ್ಲಿ ಯಾರಾದರೂ ಪ್ರೆಸ್, ಲೇಥ್ ಅಥವಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರೆ ಇವತ್ತೇ ಒಂದು ಮಾತು ಕೇಳಿ: ಇಎಸ್‌ಐ ನಂಬರ್ ಬಂದಿದೆಯೇ? 10 ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅದು ಕೆಲಸಕ್ಕೆ ಸೇರಿದಾಗಲೇ ಸಿಗಬೇಕು. ಕೈಗೆ ಪೆಟ್ಟಾದ ಮೇಲೆ ಅವಸರದಲ್ಲಿ ಮಾಡಿಸುವ ಕಾರ್ಡ್ ಅದಲ್ಲ.