ಸ್ವಾತಿಯ ಮಳೆ ಗೊತ್ತು, ನಕ್ಷತ್ರ?

ಮಕ್ಕಳೇ, ಕಳೆದ ಏಪ್ರಿಲ್‌ನಲ್ಲಿ ಒಣಹಾಕಿದ ಹಪ್ಪಳ ಮರೆತು, ರಾತ್ರಿ ಒಂಬತ್ತಕ್ಕೆ ಟೆರೇಸಿಗೆ ಓಡಿದೆ. ಪೂರ್ವದಲ್ಲೊಂದು ಕಿತ್ತಳೆ ಚುಕ್ಕಿ. ವಿಮಾನವೆಂದುಕೊಂಡೆ, ಕದಲಲಿಲ್ಲ. "ಅಮ್ಮಾ, ಅದು ಆರ್ಕ್ಟರಸ್" ಎಂದಳು ಮಗಳು. ಪುಸ್ತಕ ತೆಗೆದರೆ, ನಮ್ಮ ಸ್ವಾತಿ!

ಊರಿನಲ್ಲಿ ನನ್ನಮ್ಮನಿಗೆ ಸ್ವಾತಿಯೆಂದರೆ ಅಕ್ಟೋಬರ್ ಕೊನೆಯ ಮಳೆ. ಅದರ ಹನಿ ಚಿಪ್ಪಿಗೆ ಬಿದ್ದರೆ ಮುತ್ತಂತೆ. ನಕ್ಷತ್ರವನ್ನು ಅವಳು ತೋರಿಸಲೇ ಇಲ್ಲ. ತೋರಿಸುವುದಾದರೂ ಹೇಗೆ? ಆ ದಿನಗಳಲ್ಲಿ ಸೂರ್ಯನೂ ಆ ದಿಕ್ಕಿನಲ್ಲೇ ಇರುತ್ತಾನೆ.

ಇದು ಸೂರ್ಯನ ಸುಮಾರು 25 ಪಟ್ಟು ಅಗಲಕ್ಕೆ ಉಬ್ಬಿದ ಮುದಿ ನಕ್ಷತ್ರ. ಮೈ ತಣ್ಣಗಾಗಿ (ತಣ್ಣಗೆಂದರೆ 4,000 ಡಿಗ್ರಿ ಸೆಲ್ಸಿಯಸ್!) ಕಿತ್ತಳೆಯಾಗಿದೆ. ದೂರ ಸುಮಾರು 37 ಜ್ಯೋತಿರ್ವರ್ಷ. ಆಗ ಅದನ್ನು 40 ಎಂದೆಣಿಸಿದ್ದರು. ಹಾಗಾಗಿ 1893ರ ಶಿಕಾಗೋ ಮೇಳದ ಕಾಲಕ್ಕೆ ಹೊರಟ ಬೆಳಕೆಂದು, 1933ರ ಮೇಳದ ದೀಪಗಳನ್ನು ಇದರ ಬೆಳಕಿನಿಂದಲೇ ಹೊತ್ತಿಸಿದರು.

ನನ್ನ ಲೆಕ್ಕ ಬೇರೆ. ಅಂದು ನಾನು ಕಂಡ ಬೆಳಕು ಅಲ್ಲಿಂದ ಹೊರಟಾಗ ನಾನು ಮದುವೆಯಾಗಿ ಮುಂಬಯಿಗೆ ಬಂದ ಹೊಸತು. ಅಮ್ಮ ಇನ್ನೂ ಇದ್ದಳು. ವಾರಕ್ಕೊಂದು ಕಾಗದ ಬರೆಯುತ್ತಿದ್ದಳು.

ಸಪ್ತರ್ಷಿಗಳ ಬಾಲದ ಬಾಗನ್ನು ಹಾಗೆಯೇ ಮುಂದಕ್ಕೆ ಎಳೆಯಿರಿ, ಸ್ವಾತಿ ಸಿಗುತ್ತದೆ. ಈ ಊರಿನ ದೀಪಗಳ ನಡುವೆಯೂ ಕಾಣುತ್ತದೆ. ಏಪ್ರಿಲ್, ಮೇ ರಾತ್ರಿಗಳೇ ಸರಿ. ಟೆರೇಸಿನ ಬೀಗದಕೈಯನ್ನು ವಾಚ್‌ಮನ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.